ಮೇರಿ ಕ್ಯೂರಿಯವರ ಮೂರು ನೋಟ್‌ಬುಕ್‌ಗಳು

ನಾಳೆ ವಿಜ್ಞಾನದ ಕಿರುಪರೀಕ್ಷೆ. ಸಂಜೆ ನೀವು ಪುಸ್ತಕ ಹಿಡಿದು ಕುಳಿತಿದ್ದೀರಿ. ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತು. ಕೊಡ ಹಿಡಿದು ಓಡಿದಿರಿ. ತಿರುಗಿ ಬಂದರೆ ತಮ್ಮ ಅಳುತ್ತಿದ್ದಾನೆ. ಅವನನ್ನು ಎತ್ತಿಕೊಂಡು ಸಮಾಧಾನ ಮಾಡಿದಿರಿ. ಗಣಿತದ ಮನೆಗೆಲಸ ಇನ್ನೂ ಹಾಗೆಯೇ ಇದೆ. ಅದರ ನಡುವೆ ಕರೆಂಟು ಹೋಯಿತು! ಯಾವುದನ್ನು ಮೊದಲು ಮಾಡುವುದು, ಯಾವುದನ್ನು ಬಿಡುವುದು ಎಂದು ತಿಳಿಯದೆ ಹೊಟ್ಟೆಯಲ್ಲಿ ತಳಮಳ ಆಗುತ್ತದಲ್ಲವೇ?

ಇಂಥ ತಳಮಳ ದೊಡ್ಡವರಿಗೂ ಇರುತ್ತದೆ. ಜಗತ್ತೇ ಕೊಂಡಾಡಿದ ವಿಜ್ಞಾನಿಗಳಿಗೂ ಇತ್ತು. ರೇಡಿಯಂ ಕಂಡುಹಿಡಿದ ಮೇರಿ ಕ್ಯೂರಿ ಅವರ ಹೆಸರನ್ನು ನೀವು ಪಾಠದಲ್ಲಿ ಓದಿದ್ದೀರಿ. ಅವರಿಗೆ ಎರಡು ನೊಬೆಲ್ ಬಹುಮಾನ ಬಂದದ್ದೂ ನಿಮಗೆ ಗೊತ್ತು. ಆದರೆ ಅವರು ಡಾಕ್ಟರೇಟ್ ಪದವಿಗಾಗಿ ದುಡಿದ ಐದೂವರೆ ವರ್ಷಗಳ ಕಥೆ ಗೊತ್ತೇ? ಆಗ ಅವರ ಮನೆಯಲ್ಲಿ ಪುಟ್ಟ ಮಗುವಿತ್ತು. ಕೈಯಲ್ಲಿ ಹೆಚ್ಚು ಹಣವಿರಲಿಲ್ಲ. ಒಳ್ಳೆಯ ಪ್ರಯೋಗಾಲಯವೂ ಇರಲಿಲ್ಲ. ಬನ್ನಿ, ಆ ಕಥೆಯನ್ನು ತಿಳಿಯೋಣ.

ವಾರ್ಸಾದ ಹುಡುಗಿ

ಮೇರಿ ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾ ನಗರದಲ್ಲಿ. ಆಗಿನ ಹೆಸರು ಮರಿಯಾ ಸ್ಕ್ಲೊಡೊವ್ಸ್ಕಾ. ತಂದೆ ಗಣಿತ ಮತ್ತು ಭೌತವಿಜ್ಞಾನದ ಶಿಕ್ಷಕರು. ಮರಿಯಾ ಹತ್ತು ವರ್ಷದವಳಿದ್ದಾಗಲೇ ತಾಯಿ ಕ್ಷಯರೋಗದಿಂದ ತೀರಿಕೊಂಡರು. ಅದಕ್ಕೂ ಮೊದಲೇ ಹಿರಿಯ ಅಕ್ಕ ಜ್ವರಕ್ಕೆ ಬಲಿಯಾಗಿದ್ದಳು.

ಆಗ ವಾರ್ಸಾ ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಮರಿಯಾ ಮತ್ತು ಅವಳ ಅಕ್ಕ ಬ್ರೋನ್ಯಾ ಒಂದು ಒಪ್ಪಂದ ಮಾಡಿಕೊಂಡರು. ಮೊದಲು ಅಕ್ಕ ಪ್ಯಾರಿಸಿಗೆ ಹೋಗಿ ವೈದ್ಯಕೀಯ ಓದುವುದು. ತಂಗಿ ದುಡಿದು ಹಣ ಕಳುಹಿಸುವುದು. ಅಕ್ಕನ ಓದು ಮುಗಿದ ಮೇಲೆ ತಂಗಿಯ ಸರದಿ. ಅದರಂತೆ ಮರಿಯಾ ಶ್ರೀಮಂತರ ಮನೆಗಳಲ್ಲಿದ್ದುಕೊಂಡು ಮಕ್ಕಳಿಗೆ ಪಾಠ ಹೇಳಿದಳು. ರಾತ್ರಿ ತಾನೇ ಪುಸ್ತಕ ಹಿಡಿದು ಗಣಿತ, ಭೌತವಿಜ್ಞಾನ ಕಲಿತಳು. ತನ್ನ ಸರದಿ ಬರಲು ಹಲವು ವರ್ಷ ಕಾದಳು.

1891ರಲ್ಲಿ, 24ನೆಯ ವಯಸ್ಸಿನಲ್ಲಿ, ಮರಿಯಾ ಪ್ಯಾರಿಸ್ ತಲುಪಿದಳು. ಸೋರ್ಬಾನ್ ವಿಶ್ವವಿದ್ಯಾಲಯ ಸೇರಿ ಹೆಸರನ್ನು ಮೇರಿ ಎಂದು ಬರೆಸಿದಳು. 1893ರಲ್ಲಿ ಭೌತವಿಜ್ಞಾನದ ಪದವಿಯಲ್ಲಿ ಮೊದಲ ಸ್ಥಾನ, 1894ರಲ್ಲಿ ಗಣಿತದ ಪದವಿಯಲ್ಲಿ ಎರಡನೆಯ ಸ್ಥಾನ ಪಡೆದಳು. ಅದೇ ವರ್ಷ ಪಿಯರ್ ಕ್ಯೂರಿ ಎಂಬ ಭೌತವಿಜ್ಞಾನಿಯ ಪರಿಚಯವಾಯಿತು. 1895ರ ಜುಲೈ 26ರಂದು ಅವರಿಬ್ಬರ ಮದುವೆ ಸರಳವಾಗಿ ನಡೆಯಿತು. ಮದುವೆಗೆ ಮೇರಿ ಆರಿಸಿಕೊಂಡದ್ದು ಕಡುನೀಲಿ ಬಣ್ಣದ ಉಡುಪು. ಮುಂದೆ ಅದೇ ಉಡುಪನ್ನು ಪ್ರಯೋಗಾಲಯಕ್ಕೂ ಹಾಕಿಕೊಂಡು ಹೋಗಬಹುದು ಎಂಬ ಲೆಕ್ಕ ಅವರದು! ಮದುವೆಯಾದ ಮೇಲೆ ದಂಪತಿಗಳು ಸೈಕಲ್ ತುಳಿಯುತ್ತ ಹಳ್ಳಿಗಾಡು ಸುತ್ತಿದರು.

ಡಾಕ್ಟರೇಟ್ ಎಂದರೇನು?

ಡಾಕ್ಟರೇಟ್ ಪಡೆದವರ ಹೆಸರಿನ ಹಿಂದೆಯೂ ‘ಡಾ.’ ಎಂದು ಬರೆಯುತ್ತಾರೆ. ಆದರೆ ಅವರೆಲ್ಲ ಔಷಧಿ ಕೊಡುವ ವೈದ್ಯರಲ್ಲ. ಶಾಲೆಯಲ್ಲಿ ನಾವು ಬೇರೆಯವರು ಕಂಡುಕೊಂಡದ್ದನ್ನು ಕಲಿಯುತ್ತೇವೆ. ಡಾಕ್ಟರೇಟ್ ಓದಿನಲ್ಲಿ ಹಾಗಲ್ಲ. ಇದುವರೆಗೆ ಯಾರಿಗೂ ಗೊತ್ತಿಲ್ಲದ ಒಂದು ಹೊಸ ಸಂಗತಿಯನ್ನು ನಾವೇ ಹುಡುಕಬೇಕು. ಅದನ್ನು ಮಹಾಪ್ರಬಂಧವಾಗಿ ಬರೆದು, ತಿಳಿದವರ ಮುಂದೆ ನಿಂತು, ಅವರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಉತ್ತರ ಎಲ್ಲಿದೆ, ಎಷ್ಟು ವರ್ಷ ಹಿಡಿಯುತ್ತದೆ ಎಂದು ಮೊದಲೇ ಹೇಳಲಾಗದು. ಇಂದು ಡಾಕ್ಟರೇಟ್ ಮಾಡುವವರ ಮನಸ್ಸಿಗೂ ಭಾರವಾಗುವುದು ಇದೇ ಕಾರಣಕ್ಕೆ. ಪಾಠದ ಪುಸ್ತಕಕ್ಕೆ ಕೊನೆಯ ಪುಟವಿದೆ. ಇದಕ್ಕೆ ಕೊನೆಯ ಪುಟ ಕಾಣುವುದಿಲ್ಲ.

ತೊಟ್ಟಿಲು ಮತ್ತು ಪ್ರಯೋಗ

1897ರ ಸೆಪ್ಟೆಂಬರ್ 12ರಂದು ಮೇರಿ ಅವರಿಗೆ ಹೆಣ್ಣುಮಗು ಹುಟ್ಟಿತು. ಹೆಸರು ಐರೀನ್. ಎರಡೇ ವಾರದಲ್ಲಿ ಪಿಯರ್ ಅವರ ತಾಯಿ ತೀರಿಕೊಂಡರು. ಮನೆಯಲ್ಲಿ ಸಂತೋಷ, ದುಃಖ ಒಟ್ಟಿಗೇ ಬಂದವು. ಅದೇ ವರ್ಷದ ಕೊನೆಗೆ ಮೇರಿ ಡಾಕ್ಟರೇಟ್ ಕೆಲಸ ಆರಂಭಿಸಿದರು.

ಅವರು ವಿಷಯ ಆರಿಸಿಕೊಂಡದ್ದು ಜಾಣತನದಿಂದ. 1896ರಲ್ಲಿ ಹೆನ್ರಿ ಬೆಕೆರಲ್ ಎಂಬ ವಿಜ್ಞಾನಿ ಯುರೇನಿಯಂ ಲವಣಗಳಿಂದ ಕಣ್ಣಿಗೆ ಕಾಣದ ಕಿರಣಗಳು ತಾವಾಗಿಯೇ ಹೊಮ್ಮುತ್ತವೆ ಎಂದು ಕಂಡುಕೊಂಡಿದ್ದರು. ಆಗ ಎಲ್ಲರ ಗಮನ ಎಕ್ಸ್ ಕಿರಣಗಳ ಮೇಲಿತ್ತು. ಯುರೇನಿಯಂ ಕಿರಣಗಳ ಬಗ್ಗೆ ಬರೆದವರು ಬಹಳ ಕಡಿಮೆ. ಹಾಗಾಗಿ ಪುಸ್ತಕಗಳನ್ನು ಓದುತ್ತ ತಿಂಗಳುಗಟ್ಟಲೆ ಕೂರಬೇಕಾಗಿರಲಿಲ್ಲ. ನೇರವಾಗಿ ಪ್ರಯೋಗಕ್ಕೆ ಇಳಿಯಬಹುದಿತ್ತು.

ಆದರೆ ಮನಸ್ಸು ಎರಡು ಕಡೆ ಎಳೆಯುತ್ತಿತ್ತು. ಮಗುವನ್ನು ನೋಡಿಕೊಳ್ಳಲು ಒಬ್ಬ ದಾದಿ ಇದ್ದಳು. ಆಕೆ ಮಗುವನ್ನು ಹತ್ತಿರದ ಉದ್ಯಾನಕ್ಕೆ ಕರೆದೊಯ್ಯುತ್ತಿದ್ದಳು. ಪ್ರಯೋಗ ಮಾಡುತ್ತಿದ್ದ ಮೇರಿಗೆ ಒಮ್ಮೊಮ್ಮೆ ದಿಗಿಲು ಹುಟ್ಟುತ್ತಿತ್ತು. ಮಗು ಎಲ್ಲಾದರೂ ಕಳೆದುಹೋಗಿದ್ದರೆ? ಕೆಲಸ ಬಿಟ್ಟು ಉದ್ಯಾನಕ್ಕೆ ಓಡುತ್ತಿದ್ದರು. ದೂರದಲ್ಲಿ ದಾದಿ ಮತ್ತು ಮಗುವಿನ ಗಾಡಿ ಕಂಡ ಮೇಲೇ ಜೀವ ಸಮಾಧಾನ. ನೋಡಿ, ಅಷ್ಟು ದೊಡ್ಡ ವಿಜ್ಞಾನಿಗೂ ಕಳವಳ ತಪ್ಪಿರಲಿಲ್ಲ.

ಆಗ ನೆರವಿಗೆ ಬಂದವರು ಮಾವ, ಡಾಕ್ಟರ್ ಯೂಜೀನ್ ಕ್ಯೂರಿ. ಪತ್ನಿಯನ್ನು ಕಳೆದುಕೊಂಡಿದ್ದ ಅವರು ಮಗ, ಸೊಸೆಯ ಮನೆಗೇ ಬಂದು ನೆಲೆಸಿದರು. ತಾತನಿಗೆ ಮೊಮ್ಮಗಳೇ ಪ್ರಪಂಚವಾದಳು. ಅವಳಿಗೆ ಆಟ ಆಡಿಸಿದವರು, ಮೊದಲ ಪಾಠಗಳನ್ನು ಕಲಿಸಿದವರು ಅವರೇ. ಮಗು ಸುರಕ್ಷಿತವಾದ ಕೈಯಲ್ಲಿದೆ ಎಂದು ತಿಳಿದ ಮೇಲೆ ಮೇರಿ ನಿಶ್ಚಿಂತೆಯಿಂದ ಪ್ರಯೋಗಕ್ಕೆ ಹೋಗುವಂತಾಯಿತು.

ಮೂರು ನೋಟ್‌ಬುಕ್‌ಗಳು

ಇಷ್ಟೆಲ್ಲ ಕೆಲಸಗಳನ್ನು ಮೇರಿ ತಲೆಯಲ್ಲಿ ಹೊತ್ತುಕೊಂಡು ತಿರುಗಲಿಲ್ಲ. ಕಾಗದದ ಮೇಲೆ ಇಳಿಸಿದರು. ಅದಕ್ಕಾಗಿ ಬೇರೆ ಬೇರೆ ನೋಟ್‌ಬುಕ್‌ಗಳಿದ್ದವು.

ಮೊದಲನೆಯದು ಪ್ರಯೋಗದ್ದು. ಅದು 1897ರ ಡಿಸೆಂಬರ್ 16ರಂದು ಆರಂಭವಾಗುತ್ತದೆ. ಪ್ರತಿ ದಿನದ ಅಳತೆ, ಬಳಸಿದ ವಸ್ತು ಎಲ್ಲವೂ ಅದರಲ್ಲಿವೆ. 1898ರ ಫೆಬ್ರವರಿಯ ಒಂದು ಪುಟದಲ್ಲಿ ಕೋಣೆಯ ಉಷ್ಣತೆ ಬರೆದಿದ್ದಾರೆ: 6.25 ಡಿಗ್ರಿ ಸೆಲ್ಸಿಯಸ್! ನಮ್ಮ ಊರುಗಳ ಚಳಿಗಾಲದ ಬೆಳಗಿಗಿಂತಲೂ ಎಷ್ಟು ತಣ್ಣಗೆ ಎಂದು ಯೋಚಿಸಿ. ಆ ಅಂಕಿಯ ಮುಂದೆ ಮೇರಿ ಸಾಲಾಗಿ ಆಶ್ಚರ್ಯಸೂಚಕ ಚಿಹ್ನೆಗಳನ್ನು ಹಾಕಿ ತಮ್ಮ ಬೇಸರ ತೀರಿಸಿಕೊಂಡಿದ್ದಾರೆ.

ಎರಡನೆಯದು ಮಗುವಿನದು. ಐರೀನ್ ಎಷ್ಟು ತೂಗುತ್ತಾಳೆ, ಏನು ತಿಂದಳು, ಎಷ್ಟು ಹಲ್ಲು ಬಂದವು, ಯಾವ ಮಾತು ಆಡಿದಳು ಎಂದು ವಿಜ್ಞಾನಿಯ ಕಣ್ಣಿನಿಂದಲೇ ದಾಖಲಿಸಿದ್ದಾರೆ.

ಮೂರನೆಯದು ಮನೆಯ ಖರ್ಚಿನದು. ಪಿಯರ್ ಅವರ ಸಂಬಳ ತಿಂಗಳಿಗೆ 500 ಫ್ರಾಂಕ್. ಅದರಲ್ಲೇ ಬಾಡಿಗೆ, ಊಟ, ದಾದಿಯ ಸಂಬಳ ಎಲ್ಲ ನಡೆಯಬೇಕು. ಮಗುವಿನ ಬಟ್ಟೆಗಳನ್ನು ಮೇರಿ ತಾವೇ ಹೊಲಿಯುತ್ತಿದ್ದರು. ಹಣ್ಣಿನ ಜೆಲ್ಲಿ ಮಾಡಿದರೆ ಹಣ್ಣು ಎಷ್ಟು, ಸಕ್ಕರೆ ಎಷ್ಟು, ಎಷ್ಟು ಜಾಡಿ ತುಂಬಿತು ಎಂಬುದನ್ನೂ ಅಡುಗೆ ಪುಸ್ತಕದ ಅಂಚಿನಲ್ಲಿ ಬರೆದಿಡುತ್ತಿದ್ದರು.

ಬರೆದಿಟ್ಟ ಅಂಕಿ ಮರೆಯುವುದಿಲ್ಲ. ಮರೆತೇನೋ ಎಂಬ ಭಯವೂ ಇರುವುದಿಲ್ಲ. ನಾನು ಎಂ.ಎಸ್ಸಿ. ಓದುವಾಗ ಪ್ರಯೋಗದ ಅಂಕಿಗಳನ್ನು ಬಿಡಿ ಹಾಳೆಯಲ್ಲಿ ಗೀಚಿಟ್ಟು ಕಳೆದುಕೊಂಡೆ. ಇಡೀ ಪ್ರಯೋಗವನ್ನು ಮತ್ತೆ ಮಾಡಬೇಕಾಯಿತು. ಅಂದಿನಿಂದ ನಾನೂ ನೋಟ್‌ಬುಕ್ ಇಡುತ್ತೇನೆ!

ಅಂಕಿಗಳು ಹೇಳಿದ ಗುಟ್ಟು

ಗಾಳಿಯ ಮೂಲಕ ವಿದ್ಯುತ್ ಸುಲಭವಾಗಿ ಹರಿಯುವುದಿಲ್ಲ. ಆದರೆ ಯುರೇನಿಯಂ ಕಿರಣಗಳು ಹಾಯ್ದಾಗ ಗಾಳಿಯಲ್ಲಿ ಅತಿ ಸ್ವಲ್ಪ ವಿದ್ಯುತ್ ಹರಿಯುತ್ತದೆ. ಕಿರಣ ಪ್ರಬಲವಾದಷ್ಟೂ ವಿದ್ಯುತ್ ಹೆಚ್ಚು. ಇಷ್ಟು ಸಣ್ಣ ವಿದ್ಯುತ್ತನ್ನು ಅಳೆಯುವ ಉಪಕರಣವನ್ನು ಪಿಯರ್ ಮತ್ತು ಅವರ ಅಣ್ಣ ಜಾಕ್ ಮೊದಲೇ ರೂಪಿಸಿದ್ದರು. ಮೇರಿ ಅದನ್ನು ಬಳಸಿ ಒಂದೊಂದೇ ವಸ್ತುವನ್ನು ಪರೀಕ್ಷಿಸಿದರು. ಕಿರಣದ ಪ್ರಬಲತೆ ಯುರೇನಿಯಂ ಎಷ್ಟಿದೆ ಎಂಬುದನ್ನು ಮಾತ್ರ ಅವಲಂಬಿಸಿದೆ ಎಂದು ತಿಳಿಯಿತು. ಥೋರಿಯಂ ಕೂಡ ಇಂಥ ಕಿರಣ ಹೊಮ್ಮಿಸುತ್ತದೆ ಎಂದು ಕಂಡಿತು.

1898ರ ಫೆಬ್ರವರಿಯಲ್ಲಿ ಪಿಚ್‌ಬ್ಲೆಂಡ್ ಎಂಬ ಅದಿರಿನ ಸರದಿ ಬಂತು. ಅದರಲ್ಲಿರುವ ಯುರೇನಿಯಂಗೆ ತಕ್ಕಷ್ಟು ಕಿರಣ ಬರಬೇಕಿತ್ತು. ಆದರೆ ಅದು ಶುದ್ಧ ಯುರೇನಿಯಂಗಿಂತಲೂ ಸುಮಾರು 4 ಪಟ್ಟು ಪ್ರಬಲವಾಗಿತ್ತು! ಎಲ್ಲೋ ತಪ್ಪಾಯಿತೆಂದು ಮೇರಿ ಮತ್ತೆ ಅಳೆದರು. ಮತ್ತೆ ಅದೇ ಉತ್ತರ. ಹಾಗಾದರೆ ಅದಿರಿನಲ್ಲಿ ಯಾರೂ ಕಾಣದ ಹೊಸ ಧಾತು ಅಡಗಿರಬೇಕು. ಪಿಯರ್ ತಮ್ಮ ಸಂಶೋಧನೆಯನ್ನು ಬದಿಗಿಟ್ಟು ಪತ್ನಿಯ ಜೊತೆ ಸೇರಿದರು. ಅದೇ ಜುಲೈನಲ್ಲಿ ಒಂದು ಹೊಸ ಧಾತುವನ್ನು ಪ್ರಕಟಿಸಿ, ಮೇರಿ ಅವರ ತಾಯ್ನಾಡಿನ ನೆನಪಿಗೆ ಪೊಲೋನಿಯಂ ಎಂದು ಹೆಸರಿಟ್ಟರು. ‘ವಿಕಿರಣಶೀಲ’ ಎಂಬ ಪದವನ್ನು ಲೋಕಕ್ಕೆ ಕೊಟ್ಟವರೂ ಅವರೇ.

ಇಂಥ ಹೊತ್ತಿನಲ್ಲಿ ಯಾರಾದರೂ ಕೆಲಸ ನಿಲ್ಲಿಸುತ್ತಾರೆಯೇ? ಕ್ಯೂರಿ ದಂಪತಿ ನಿಲ್ಲಿಸಿದರು! ಬೇಸಿಗೆ ರಜೆಗೆ ಮಗುವನ್ನೂ ಕರೆದುಕೊಂಡು ಓವೆರ್ನ್ ಎಂಬ ಗುಡ್ಡಗಾಡಿನ ಹಳ್ಳಿಗೆ ಹೋದರು. ಸೈಕಲ್ ತುಳಿದರು, ನದಿಯಲ್ಲಿ ಈಜಿದರು. ಮರಳಿ ಬಂದು ಹೊಸ ಹುರುಪಿನಿಂದ ಕೆಲಸ ಮುಂದುವರಿಸಿದರು. 1898ರ ಡಿಸೆಂಬರ್ 26ರಂದು ಎರಡನೆಯ ಧಾತು ರೇಡಿಯಂ ಲೋಕಕ್ಕೆ ಪರಿಚಯವಾಯಿತು.

ಸೋರುವ ಷೆಡ್ಡು

ರೇಡಿಯಂ ಇದೆ ಎಂದು ಹೇಳಿದರಾಯಿತೇ? ಅದನ್ನು ಬೇರ್ಪಡಿಸಿ ತೋರಿಸಿ ಎಂದರು ರಸಾಯನವಿಜ್ಞಾನಿಗಳು. ಪಿಯರ್ ಪಾಠ ಹೇಳುತ್ತಿದ್ದ ಶಾಲೆಯ ಅಂಗಳದಲ್ಲಿ ಒಂದು ಹಳೆಯ ಷೆಡ್ಡು ಇತ್ತು. ಹಿಂದೆ ವೈದ್ಯ ವಿದ್ಯಾರ್ಥಿಗಳು ಅಲ್ಲಿ ಹೆಣಗಳನ್ನು ಕೊಯ್ದು ಕಲಿಯುತ್ತಿದ್ದರಂತೆ. ಗಾಜಿನ ಚಾವಣಿ ಮಳೆ ಬಂದರೆ ಸೋರುತ್ತಿತ್ತು. ಬೇಸಿಗೆಯಲ್ಲಿ ಒಲೆಯಂತೆ ಕಾಯುತ್ತಿತ್ತು, ಚಳಿಗಾಲದಲ್ಲಿ ಹೆಪ್ಪುಗಟ್ಟುವಂತೆ ಇರುತ್ತಿತ್ತು. ಅದೇ ಅವರ ಪ್ರಯೋಗಾಲಯವಾಯಿತು.

ಪಿಚ್‌ಬ್ಲೆಂಡ್ ದುಬಾರಿ. ಆದರೆ ಯುರೇನಿಯಂ ತೆಗೆದ ಮೇಲೆ ಉಳಿಯುವ ಗಸಿ ಯಾರಿಗೂ ಬೇಡ. ಅದರಲ್ಲೇ ರೇಡಿಯಂ ಇರಬೇಕಲ್ಲವೇ? ಆಗಿನ ಆಸ್ಟ್ರಿಯಾದ ಯೋಆಖಿಮ್‌ಸ್ಟಾಲ್ ಗಣಿಯಿಂದ ಆ ಗಸಿಯನ್ನು ತರಿಸಿದರು. ಚೀಲಗಳು ಬಂದಾಗ ಕಂದು ಮಣ್ಣಿನ ಜೊತೆ ಪೈನ್ ಮರದ ಎಲೆಗಳೂ ಬೆರೆತಿದ್ದವು.

ನೀವು ಆಲೆಮನೆ ನೋಡಿದ್ದೀರಾ? ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಒಬ್ಬರು ನಿಂತು ತಿರುವುತ್ತಲೇ ಇರುತ್ತಾರೆ. ಮೇರಿ ಅವರ ಕೆಲಸವೂ ಹಾಗೆಯೇ ಇತ್ತು. ಆದರೆ ಇಲ್ಲಿ ಬೆಲ್ಲದ ಪರಿಮಳವಿಲ್ಲ, ಗಂಟಲು ಉರಿಸುವ ಹೊಗೆ. ಒಂದು ಸಲಕ್ಕೆ 20 ಕಿಲೋಗ್ರಾಂವರೆಗೆ ವಸ್ತುವನ್ನು ತೆಗೆದುಕೊಂಡು, ತಮ್ಮಷ್ಟೇ ಎತ್ತರದ ಕಬ್ಬಿಣದ ಸರಳಿನಿಂದ ದಿನವಿಡೀ ತಿರುವುತ್ತಿದ್ದರು. ಆಮೇಲೆ ಸೋಸುವುದು, ಕರಗಿಸುವುದು, ಹರಳಾಗಿಸುವುದು. ಹೀಗೆ ಸಾವಿರಾರು ಸಲ.

ಇದರ ನಡುವೆ ಇನ್ನೊಂದು ಹೊಣೆ ಬಂತು. ಮನೆಯ ಖರ್ಚಿಗೆ ಹಣ ಸಾಲದೆ 1900ರಲ್ಲಿ ಮೇರಿ ಪ್ಯಾರಿಸಿನ ಹೊರಗಿನ ಸೆವ್ರ್ ಎಂಬಲ್ಲಿ ಶಿಕ್ಷಕಿಯರಾಗಲಿರುವ ಹೆಣ್ಣುಮಕ್ಕಳಿಗೆ ಭೌತವಿಜ್ಞಾನ ಕಲಿಸಲು ಸೇರಿದರು. ಪಾಠಕ್ಕೆ ಸಿದ್ಧವಾಗಬೇಕು, ಪ್ರಯಾಣ ಮಾಡಬೇಕು, ಉತ್ತರಗಳನ್ನು ತಿದ್ದಬೇಕು. ಸಂಜೆ ಮನೆಗೆ ಬಂದರೆ ಐರೀನ್ ಕಾಯುತ್ತಿರುತ್ತಾಳೆ. ಅವಳು ನಿದ್ದೆಹೋಗುವವರೆಗೂ ಅಮ್ಮ ಪಕ್ಕದಲ್ಲೇ ಇರಬೇಕು. ಕತ್ತಲಲ್ಲಿ ಮಗುವಿನ ಹಾಸಿಗೆಯ ಬಳಿ ಕುಳಿತು, ಅವಳ ಉಸಿರು ನಿಧಾನವಾದ ಮೇಲೆ ಮೇರಿ ಎದ್ದು ಬರುತ್ತಿದ್ದರು.

ಕೆಲವು ರಾತ್ರಿ ತಾತನನ್ನು ಮಗುವಿನ ಬಳಿ ಬಿಟ್ಟು ಗಂಡ ಹೆಂಡತಿ ಷೆಡ್ಡಿಗೆ ನಡೆದು ಹೋಗುತ್ತಿದ್ದರು. ದೀಪ ಹಚ್ಚುತ್ತಿರಲಿಲ್ಲ. ಕತ್ತಲಲ್ಲಿ ಸಣ್ಣ ಸಣ್ಣ ಗಾಜಿನ ಪಾತ್ರೆಗಳು ಮಿಂಚುಹುಳುಗಳಂತೆ ತಿಳಿನೀಲಿಯಾಗಿ ಬೆಳಗುತ್ತಿದ್ದವು. ಹಗಲಿನ ದಣಿವೆಲ್ಲ ಆ ಬೆಳಕಿನಲ್ಲಿ ಮರೆತುಹೋಗುತ್ತಿತ್ತು.

1902ರಲ್ಲಿ ಮೇರಿ ಗೆದ್ದರು. ರಾಶಿ ರಾಶಿ ಗಸಿಯಿಂದ ದೊರೆತದ್ದು 0.1 ಗ್ರಾಂ ರೇಡಿಯಂ ಕ್ಲೋರೈಡ್. ಅಂದರೆ ಒಂದು ಚಿಟಿಕೆ ಉಪ್ಪಿಗಿಂತಲೂ ಕಡಿಮೆ! ಅದರಿಂದ ರೇಡಿಯಂನ ಪರಮಾಣು ತೂಕ 225 ಎಂದು ಲೆಕ್ಕ ಹಾಕಿದರು. ಇಂದಿನ ಅಂಕಿ 226. ಆ ಷೆಡ್ಡಿನಲ್ಲಿ ಎಷ್ಟು ನಿಖರವಾಗಿ ಅಳೆದಿದ್ದರು ನೋಡಿ.

ದೇಹ ಕೊಟ್ಟ ಎಚ್ಚರಿಕೆ

ಈ ಕಥೆಯ ಇನ್ನೊಂದು ಮುಖವನ್ನೂ ನೀವು ತಿಳಿಯಬೇಕು. ಕೆಲಸದ ಭರದಲ್ಲಿ ಮೇರಿ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ದೇಹದ ತೂಕ ಇಳಿಯಿತು, ಮುಖ ಬಿಳಿಚಿಕೊಂಡಿತು. ಪಿಯರ್ ಅವರಿಗೆ ಕಾಲುನೋವು ಕಾಡುತ್ತಿತ್ತು. ಅವರ ಸ್ನೇಹಿತ, ಭೌತವಿಜ್ಞಾನಿ ಜಾರ್ಜ್ ಸಾನ್ಯಾಕ್ ಸುಮ್ಮನಿರಲಾರದೆ ಉದ್ದನೆಯ ಪತ್ರ ಬರೆದರು. ಹೊತ್ತಿಗೆ ಸರಿಯಾಗಿ ಕುಳಿತು ನಿಧಾನವಾಗಿ ಉಣ್ಣಬೇಕು, ಊಟದ ಸಮಯದಲ್ಲಾದರೂ ಭೌತವಿಜ್ಞಾನದ ಮಾತು ಬಿಡಬೇಕು ಎಂದು ಬುದ್ಧಿ ಹೇಳಿದರು.

ದುಡಿಮೆಯ ಜೊತೆಗೆ ಇನ್ನೊಂದು ಅಪಾಯವೂ ಇತ್ತು. ರೇಡಿಯಂ ಕಿರಣಗಳು ದೇಹಕ್ಕೆ ಎಷ್ಟು ಹಾನಿ ಮಾಡುತ್ತವೆ ಎಂದು ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಅವರ ಬೆರಳ ತುದಿಗಳು ಗಟ್ಟಿಯಾಗಿ ನೋಯುತ್ತಿದ್ದವು. ಅದರೊಡನೆ 1902ರ ಮೇ ತಿಂಗಳಲ್ಲಿ ತಂದೆ ತೀರಿಕೊಂಡರು. ಮೇರಿ ವಾರ್ಸಾ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. 1903ರ ಆಗಸ್ಟಿನಲ್ಲಿ, ಹುಟ್ಟಲಿದ್ದ ಎರಡನೆಯ ಮಗುವನ್ನೂ ಕಳೆದುಕೊಂಡರು. ತನ್ನ ಶಕ್ತಿಯ ಮೇಲೆ ಅತಿಯಾಗಿ ನಂಬಿಕೆ ಇಟ್ಟೆನಲ್ಲ ಎಂದು ಮೇರಿ ಬಹಳ ನೊಂದುಕೊಂಡರು.

1903ರ ಜೂನ್ 25

ಆ ದುಃಖಕ್ಕೆ ಎರಡು ತಿಂಗಳು ಮೊದಲು, ಜೂನ್ 25ರಂದು, ಮೇರಿ ಸೋರ್ಬಾನ್‌ನಲ್ಲಿ ಪರೀಕ್ಷಕರ ಮುಂದೆ ನಿಂತಿದ್ದರು. ಅಕ್ಕ ಬ್ರೋನ್ಯಾ ಪೋಲೆಂಡಿನಿಂದ ಬಂದಿದ್ದಳು. ತಂಗಿಯನ್ನು ಒತ್ತಾಯ ಮಾಡಿ ಹೊಸ ಕಪ್ಪು ಉಡುಪು ಕೊಡಿಸಿದ್ದಳು. ಪಿಯರ್, ಮಾವ ಮತ್ತು ಸೆವ್ರ್‌ನ ವಿದ್ಯಾರ್ಥಿನಿಯರು ಕುಳಿತಿದ್ದರು. ಲಿಪ್‌ಮನ್, ಬೂಟಿ, ಮೊವಾಸಾಂ ಎಂಬ ಮೂವರು ಪರೀಕ್ಷಕರು ಪ್ರಶ್ನೆ ಕೇಳಿದರು. ಮೇರಿ ಮೆಲುದನಿಯಲ್ಲಿ ಉತ್ತರಿಸಿದರು, ಕಪ್ಪುಹಲಗೆಯ ಮೇಲೆ ಚಿತ್ರ, ಸೂತ್ರಗಳನ್ನು ಬರೆದರು. ಕೊನೆಗೆ ಪರೀಕ್ಷಕರು ಮೆಚ್ಚುಗೆಯೊಡನೆ ಡಾಕ್ಟರೇಟ್ ಘೋಷಿಸಿದರು.

ಅದೇ ವರ್ಷದ ಡಿಸೆಂಬರಿನಲ್ಲಿ ಬೆಕೆರಲ್, ಪಿಯರ್, ಮೇರಿ ಮೂವರಿಗೂ ಭೌತವಿಜ್ಞಾನದ ನೊಬೆಲ್ ಬಹುಮಾನ ಬಂತು. ಆದರೆ ಪಾಠದ ಹೊಣೆ ಮತ್ತು ಅನಾರೋಗ್ಯದಿಂದ ದಂಪತಿಗಳು ಸಮಾರಂಭಕ್ಕೆ ಹೋಗಲಾಗಲಿಲ್ಲ. 1904ರಲ್ಲಿ ಎರಡನೆಯ ಮಗಳು ಈವ್ ಹುಟ್ಟಿದಳು. 1906ರ ಏಪ್ರಿಲ್ 19ರಂದು ಪಿಯರ್ ಕುದುರೆಗಾಡಿಯ ಕೆಳಗೆ ಸಿಕ್ಕಿ ತೀರಿಕೊಂಡರು. ಮೇರಿ ಅವರ ಸ್ಥಾನದಲ್ಲಿ ನಿಂತು ಸೋರ್ಬಾನ್‌ನಲ್ಲಿ ಪಾಠ ಮುಂದುವರಿಸಿದರು. 1911ರಲ್ಲಿ ಅವರಿಗೆ ರಸಾಯನವಿಜ್ಞಾನದ ನೊಬೆಲ್ ಬಂತು. 1934ರ ಜುಲೈ 4ರಂದು ರಕ್ತದ ಕಾಯಿಲೆಯಿಂದ ನಿಧನರಾದರು. ಮರುವರ್ಷವೇ ಮಗಳು ಐರೀನ್ ತನ್ನ ಪತಿಯೊಡನೆ ನೊಬೆಲ್ ಪಡೆದಳು. ಹೌದು, ಹಲ್ಲಿನ ಲೆಕ್ಕವನ್ನು ಅಮ್ಮ ಬರೆದಿಟ್ಟಿದ್ದ ಅದೇ ಐರೀನ್!

ನಾವು ಕಲಿಯಬೇಕಾದದ್ದು

ಮಕ್ಕಳೇ, ಊಟ ಬಿಟ್ಟು, ನಿದ್ದೆ ಬಿಟ್ಟು ದುಡಿದರೆ ಮೇರಿ ಕ್ಯೂರಿ ಆಗಬಹುದು ಎಂದು ತಿಳಿಯಬೇಡಿ. ಅವರ ಕೆಲಸ ಕೈಗೂಡಿದ್ದು ಬೇರೆ ಕಾರಣಗಳಿಂದ. ಅವರು ಗುಡ್ಡದಂಥ ಕೆಲಸವನ್ನು 20 ಕಿಲೋಗ್ರಾಂಗಳ ಪಾಲು ಮಾಡಿಕೊಂಡರು. ನೆನಪಿಡಬೇಕಾದದ್ದನ್ನು ಬರೆದಿಟ್ಟರು. ಮಾವ, ಗಂಡ, ಅಕ್ಕ ಕೊಟ್ಟ ನೆರವನ್ನು ಸಂಕೋಚವಿಲ್ಲದೆ ಪಡೆದರು. ರಜೆಯಲ್ಲಿ ಸೈಕಲ್ ತುಳಿದು ಮನಸ್ಸು ಹಗುರ ಮಾಡಿಕೊಂಡರು. ಊಟ, ವಿಶ್ರಾಂತಿ ಮರೆತಾಗ ಅವರ ದೇಹವೂ ಸೋತಿತು.

ನಿಮಗೂ ಕೆಲಸಗಳು ಒಟ್ಟಿಗೆ ಬಂದು ಕಂಗಾಲಾದರೆ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆಯಿರಿ. ಮೊದಲು ಮಾಡಬೇಕಾದದ್ದಕ್ಕೆ ಗುರುತು ಹಾಕಿ. ಆಗದ್ದನ್ನು ಅಮ್ಮ, ಅಪ್ಪ, ಅಜ್ಜಿ ಅಥವಾ ನಿಮ್ಮ ಟೀಚರಿಗೆ ಹೇಳಿ. ನೆರವು ಕೇಳುವುದು ಸೋಲಲ್ಲ.

ಮಾಡಿ ನೋಡಿ

ಮೇರಿ ರೇಡಿಯಂ ಬೇರ್ಪಡಿಸಿದ ಬಗೆಯ ಒಂದು ಹಂತವನ್ನು ನೀವೂ ನೋಡಬಹುದು. ಶಿಕ್ಷಕರ ನೆರವಿನಿಂದ ಅರ್ಧ ಲೋಟ ಬಿಸಿನೀರಿಗೆ ಎರಡು ಚಮಚ ಪಟಿಕದ ಪುಡಿ ಮತ್ತು ಒಂದು ಚಿಟಿಕೆ ಕೆಮ್ಮಣ್ಣು ಹಾಕಿ ಕದಡಿ. ಮಡಿಸಿದ ತೆಳು ಬಟ್ಟೆಯಲ್ಲಿ ಸೋಸಿ. ಸೋಸಿದ ನೀರನ್ನು ಅಲುಗಾಡಿಸದೆ ಒಂದೆರಡು ದಿನ ಇಡಿ. ತಳದಲ್ಲಿ ಹರಳುಗಳು ಕಾಣುತ್ತವೆ. ಅವನ್ನು ಮತ್ತೆ ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ, ಮತ್ತೆ ಹರಳಾಗಲು ಬಿಡಿ. ಯಾವ ಸಲದ ಹರಳು ಹೆಚ್ಚು ಶುಭ್ರ? ದಿನಾಂಕದೊಡನೆ ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪ್ರಯೋಗ ಮುಗಿದ ಮೇಲೆ ಕೈ ತೊಳೆಯಲು ಮರೆಯಬೇಡಿ.

ನಿಮಗೆ ಗೊತ್ತೇ?

ಮೇರಿ ಅವರ ಪ್ರಯೋಗದ ನೋಟ್‌ಬುಕ್‌ಗಳು ಇಂದಿಗೂ ಕಿರಣ ಹೊಮ್ಮಿಸುತ್ತಿವೆ! ಅವುಗಳನ್ನು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸೀಸದ ಹೊದಿಕೆಯ ಪೆಟ್ಟಿಗೆಗಳಲ್ಲಿ ಇಟ್ಟಿದ್ದಾರೆ. ರೇಡಿಯಂ ಅರ್ಧದಷ್ಟು ಕ್ಷಯಿಸಲು ಸುಮಾರು 1600 ವರ್ಷ ಬೇಕು. ಹಾಗಾದರೆ ಅದು ಕಾಲು ಭಾಗಕ್ಕೆ ಇಳಿಯಲು ಎಷ್ಟು ವರ್ಷ ಬೇಕು? ಲೆಕ್ಕ ಹಾಕಿ ನಿಮ್ಮ ಶಿಕ್ಷಕರಿಗೆ ಹೇಳಿ.